ಹೂತಿಟ್ಟ ಕುಡಿಕೆಯಿಂದ ಬಂದ ಬೆಳ್ಳಿ ಪೆನ್ನಿಗಳು: ನನ್ನ ಅನುಭವ

ಇಂಗ್ಲೆಂಡಿಗೆ ಕೆಲಸಕ್ಕೆ ಬಂದ್ಮೇಲೆ ಹತ್ಕೊಂಡ ಹುಚ್ಚು ಇದು. ನಾನು ಸೇರಿಸೋದು ಒಂದೇ ಜಾತಿ ನಾಣ್ಯ, ಶಾರ್ಟ್ ಕ್ರಾಸ್ ಪೆನ್ನಿ, ಅಂದ್ರೆ ಹಿಂಬದೀಲಿ ಗಿಡ್ಡ ಶಿಲುಬೆ ಇರೋ ಸಣ್ಣ ಬೆಳ್ಳಿ ನಾಣ್ಯ. 1180ರಲ್ಲಿ ಇಲ್ಲಿನ ರಾಜ ಎರಡನೇ ಹೆನ್ರಿ ಶುರು ಮಾಡಿದ್ದು, 1247ರ ತನಕ ನಡೀತು. ಮಧ್ಯೆ ರಿಚರ್ಡ್, ಜಾನ್ ಪಟ್ಟಕ್ಕೆ ಬಂದ್ರೂ ನಾಣ್ಯದ ಮೇಲೆ ಮಾತ್ರ "ಹೆನ್ರಿಕಸ್ ರೆಕ್ಸ್" (ರಾಜ ಹೆನ್ರಿ) ಅಂತಾನೇ ಇರುತ್ತೆ, ಹಾಗಾಗಿ ಯಾರ ಕಾಲದ್ದು ಅಂತ ಗೊತ್ತಾಗ್ಬೇಕಂದ್ರೆ ರಾಜನ ಗುಂಗುರು ಕೂದಲು, ಗಡ್ಡ, ಅಕ್ಷರದ ಆಕಾರ ಎಲ್ಲಾ ಲೆನ್ಸ್ ಹಿಡ್ಕೊಂಡು ನೋಡ್ತಾ ಕೂರ್ಬೇಕು, ನಂಗಂತೂ ಭಾನುವಾರ ಪೂರ್ತಿ ಅದ್ರಲ್ಲೇ ಕಳೆದೋಗುತ್ತೆ.

ಮೊದಲ್ನೇ ನಾಣ್ಯದಲ್ಲೇ ತಪ್ಪು ಮಾಡ್ದೆ. ಕಪ್ಪಗಿತ್ತು, ಊರಲ್ಲಿ ಅಮ್ಮ ಬೆಳ್ಳಿ ದೀಪಕ್ಕೆ ವಿಭೂತಿ ಹಾಕಿ ಉಜ್ಜೋದು ನೋಡ್ಕೊಂಡು ಬೆಳೆದವ್ನು, ಹಾಗೇ ಉಜ್ಜಿಬಿಟ್ಟೆ. ಫಳಫಳ ಅಂತು, ಆದ್ರೆ ಲೈಟಿಗೆ ಹಿಡಿದ್ರೆ ಮೈಮೇಲೆಲ್ಲಾ ಸಣ್ಣ ಸಣ್ಣ ಗೀರು. ಏಳೆಂಟು ನೂರು ವರ್ಷ ಮಣ್ಣಲ್ಲಿ ಕೂತು ಬಂದಿದ್ದ ಬಣ್ಣ, ಮತ್ತೆ ಬರಲ್ಲ. ಈಗ್ಲೂ ಕೈಗೆತ್ಕೊಂಡ್ರೆ ಕರುಳು ಚುರುಕ್ ಅನ್ನುತ್ತೆ. ಅದು ಎಲ್ಲಿ ಸಿಕ್ಕಿದ್ದು ಅನ್ನೋಕೆ ಒಂದು ಚೀಟಿನೂ ಇರ್ಲಿಲ್ಲ.

ಅವತ್ತಿಂದ ಚೀಟಿ ಇಲ್ದೆ ಇರೋದು ತಗೊಳ್ಳಲ್ಲ. ಇಲ್ಲಿನ 1996ರ ಟ್ರೆಷರ್ ಆಕ್ಟ್, ಅಂದ್ರೆ ನಿಧಿ ಕಾಯ್ದೆ, ಪ್ರಕಾರ 300 ವರ್ಷಕ್ಕಿಂತ ಹಳೇ ಬೆಳ್ಳಿ ನಾಣ್ಯ ಒಟ್ಟಿಗೆ ಎರಡು ಸಿಕ್ರೂ ಸಾಕು, 14 ದಿನದೊಳಗೆ ಕರೋನರ್‌ಗೆ (ಇಂಥ ನಿಧಿ ವಿಚಾರಣೆ ಮಾಡೋ ಅಧಿಕಾರಿ) ತಿಳಿಸ್ಬೇಕು. ಮ್ಯೂಸಿಯಂಗೆ ಬೇಕಿದ್ರೆ ದುಡ್ಡು ಕೊಟ್ಟು ಇಟ್ಕೊಳ್ಳುತ್ತೆ, ಬೇಡ ಅಂದದ್ದು ವಾಪಸ್ ಬರುತ್ತೆ, ಅದನ್ನ ಮಾರಿದ್ರೆ ಡೀಲರ್ ಕೈ ದಾಟಿ ನಮ್ಮಂಥವರ ಹತ್ರ. ಈ ದಾರೀಲಿ ಬಂದದ್ದಕ್ಕೆ ಯಾವ ಹೊಲ, ಯಾವ ಗಂಟು, ಜೊತೆಗೆ ಎಷ್ಟಿದ್ವು ಅನ್ನೋದೆಲ್ಲಾ ದಾಖಲೆ ಇರುತ್ತೆ. ಈ ಕಾಯ್ದೆಗೂ ಮುಂಚೆ, 1969ರಲ್ಲಿ, ಕೋಲ್ಚೆಸ್ಟರಲ್ಲಿ ಸೀಸದ ಡಬ್ಬದೊಳಗೆ 14 ಸಾವಿರಕ್ಕೂ ಹೆಚ್ಚು ಪೆನ್ನಿ ಸಿಕ್ಕಿತ್ತು, ಯಾರೋ ಬಚ್ಚಿಟ್ಟೋರು ತಗೊಳ್ಳೋಕೆ ಬರ್ಲೇ ಇಲ್ಲ. ಒಂದೇ ಡಬ್ಬದಲ್ಲಿ ಯಾವ ಯಾವ ನಾಣ್ಯ ಜೊತೆಗಿದ್ವು ಅಂತ ನೋಡೇ ಅವುಗಳ ಕಾಲ ಗೊತ್ತು ಮಾಡ್ತಾರೆ, ಒಂಟಿಯಾಗಿ ಮಾರಿ ಚೀಟಿ ಬಿಸಾಕಿದ್ರೆ ಆ ಲೆಕ್ಕ ಎಲ್ಲಾ ಹೋಯ್ತು.

ತಗೊಂಡ ತಕ್ಷಣ ತೂಕ ಹಾಕ್ತೀನಿ, 1.4 ಗ್ರಾಂ ಆಸುಪಾಸು ಇರ್ಬೇಕು, ಅಂಚು ಕತ್ತರಿಸಿದ್ರೆ ಕಮ್ಮಿ ಬರುತ್ತೆ. ಆಮೇಲೆ ಹಿಂಬದಿ. ಒಂದ್ರಲ್ಲಿ "ಇಲ್ಗರ್ ಆನ್ ಲುಂಡ್" ಅಂತಿದೆ, ಲಂಡನ್ ಟಂಕಸಾಲೇಲಿ ಇದನ್ನ ಹೊಡೆಸಿದ ಇಲ್ಗರ್ ಅನ್ನೋನ ಹೆಸರು. ಇನ್ನೊಂದು ಅರ್ಧ ತುಂಡು, ಆಗ ಚಿಲ್ಲರೆ ಬೇಕಾದ್ರೆ ಶಿಲುಬೆ ಗೆರೆ ಮೇಲೇ ಕತ್ತರಿಸ್ತಿದ್ರು. ಆ ತುಂಡಲ್ಲಿ "ಆನ್ ಲು" ಅಷ್ಟೇ ಉಳಿದಿದೆ, ಹೆಸರು ಕಟ್ಟಾಗಿ ಹೋಗಿದೆ, ಯಾರದ್ದಿರ್ಬಹುದು ಅಂತ ಇನ್ನೂ ಅಕ್ಷರ ಹೋಲಿಸ್ತಾ ಇದೀನಿ.