ಯಕೃತ್ತು, ಜಠರ, ಮೇದೋಜೀರಕ ಗ್ರಂಥಿ: ಚಿಕಿತ್ಸಾ ಸಂಶೋಧನೆಯ ವರದಿಯನ್ನು ಓದುವ ಬಗೆ

ಯಕೃತ್ತು, ಜಠರ ಅಥವಾ ಮೇದೋಜೀರಕ ಗ್ರಂಥಿಯ ಕಾಯಿಲೆಗೆ ಹೊಸ ಚಿಕಿತ್ಸೆ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದಾಗ, ಆ ಸುದ್ದಿಗೆ ಆಧಾರವಾದ ಮೂಲ ಸಂಶೋಧನಾ ವರದಿಯನ್ನು ಹುಡುಕಿ ಓದುವುದು ರೋಗಿಗೂ ಮನೆಯವರಿಗೂ ಸಾಧ್ಯವಿರುವ ಕೆಲಸವೇ ಆಗಿದೆ. ಅದಕ್ಕೆ ವೈದ್ಯಕೀಯ ಪದವಿ ಬೇಕಿಲ್ಲ. ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು ಎಂಬ ತಿಳಿವಳಿಕೆ ಇದ್ದರೆ ಸಾಕು. ಲೇಖಕರ ತೀರ್ಮಾನವನ್ನು ಕೊನೆಗೆ ಇಟ್ಟುಕೊಳ್ಳಿ. ಅವರು ಅಳೆದದ್ದು ಏನನ್ನು ಎಂಬುದನ್ನು ಎಲ್ಲಕ್ಕಿಂತ ಮೊದಲು ಗುರುತಿಸಿಕೊಳ್ಳಿ.

ಈ ಪ್ರಶ್ನೆಗೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಈ ಮೂರು ಅಂಗಗಳ ವಿಷಯದಲ್ಲಿ ಪ್ರಯೋಗಾಲಯದ ಅಂಕಿಗೂ ರೋಗಿಯ ನಿಜವಾದ ಸ್ಥಿತಿಗೂ ಹೊಂದಾಣಿಕೆ ಕಡಿಮೆ. ಸಿರೋಸಿಸ್, ಅಂದರೆ ಯಕೃತ್ತು ನಾರುಗಟ್ಟಿ ಗಡುಸಾಗುವ ಕಾಯಿಲೆ, ಮುಂದುವರಿದವರಲ್ಲಿಯೂ ಯಕೃತ್ತಿನ ಹಾನಿಯನ್ನು ಸೂಚಿಸುವ ಎ.ಎಲ್.ಟಿ. ಕಿಣ್ವ ಸಹಜ ಮಿತಿಯೊಳಗೇ ಇರಬಹುದು. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಲ್ಲಿ ಲೈಪೇಸ್ ಎಂಬ ಕಿಣ್ವ ಎಷ್ಟು ಏರಿದೆ ಎಂಬುದನ್ನು ನೋಡಿ ಕಾಯಿಲೆ ಎಷ್ಟು ಗಂಭೀರವೆಂದು ಹೇಳಲು ಬರುವುದಿಲ್ಲ. ನೋವು ಕಡಿಮೆಯಾದ ಮಾತ್ರಕ್ಕೆ ಜಠರದ ಹುಣ್ಣು ಮಾಯ್ದಿದೆ ಎಂದೂ ಅಲ್ಲ. ಆದ್ದರಿಂದ ಕಿಣ್ವದ ಪ್ರಮಾಣ ಇಳಿಯಿತು ಎನ್ನುವ ವರದಿಯನ್ನೂ, ಸಾವು, ರಕ್ತವಾಂತಿ, ಜಲೋದರ ಕಡಿಮೆಯಾದವು ಎನ್ನುವ ವರದಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹಾಗೆಂದು ಪ್ರಯೋಗಾಲಯದ ಅಳತೆಗಳೆಲ್ಲ ನಿರುಪಯುಕ್ತವಲ್ಲ. ಹೆಪಟೈಟಿಸ್ ಸಿ ಚಿಕಿತ್ಸೆ ಮುಗಿದ 12 ವಾರಗಳ ನಂತರವೂ ರಕ್ತದಲ್ಲಿ ವೈರಾಣು ಕಾಣದಿದ್ದರೆ ಸೋಂಕು ವಾಸಿಯಾಗಿದೆ ಎಂದೇ ಪರಿಗಣಿಸುತ್ತಾರೆ, ಏಕೆಂದರೆ ಆ ಬಳಿಕ ಅದೇ ಸೋಂಕು ಮರುಕಳಿಸುವುದು ಬಹಳ ಅಪರೂಪ. ಕೊಬ್ಬು ತುಂಬಿದ ಯಕೃತ್ತಿನ ಕಾಯಿಲೆಯಲ್ಲಿ ಮಾತು ಇಷ್ಟು ಸರಳವಲ್ಲ. ಅಲ್ಲಿ ಸೂಜಿಯಿಂದ ತೆಗೆದ ಅಂಗಾಂಶದ ಚೂರಿನಲ್ಲಿ ನಾರುಗಟ್ಟುವಿಕೆ ಎಷ್ಟಿದೆ ಎಂದು ನೋಡುತ್ತಾರೆ. ಆ ಚೂರು ಇಡೀ ಯಕೃತ್ತಿನ ಸುಮಾರು 50,000ದಲ್ಲಿ ಒಂದು ಭಾಗ ಮಾತ್ರ, ಮತ್ತು ಕಾಯಿಲೆ ಎಲ್ಲೆಡೆ ಸಮನಾಗಿ ಹರಡಿರುವುದಿಲ್ಲ. ಇದೇ ಕಾಯಿಲೆಗೆ ಒಬೆಟಿಕೋಲಿಕ್ ಆಮ್ಲ ಎಂಬ ಔಷಧದ ದೊಡ್ಡ ಪ್ರಯೋಗವೊಂದರ ಮಧ್ಯಂತರ ಫಲಿತಾಂಶ 2019ರಲ್ಲಿ ಪ್ರಕಟವಾದಾಗ, ಹೆಚ್ಚಿನ ಪ್ರಮಾಣದ ಔಷಧ ಪಡೆದವರಲ್ಲಿ ಶೇ. 23ರಷ್ಟು ಮಂದಿಗೆ ನಾರುಗಟ್ಟುವಿಕೆ ತಗ್ಗಿತ್ತು. ಔಷಧವಿಲ್ಲದ ಪ್ಲಸೀಬೊ ಮಾತ್ರೆ ಪಡೆದವರಲ್ಲಿಯೂ ಶೇ. 12ರಷ್ಟು ಮಂದಿಗೆ ತಗ್ಗಿತ್ತು. ಔಷಧ ಪಡೆದ ಆ ಗುಂಪಿನ ಅರ್ಧದಷ್ಟು ಜನರಿಗೆ ತುರಿಕೆ ಕಾಣಿಸಿಕೊಂಡಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಕಾಯಿಲೆಗೆ ಆ ಔಷಧವನ್ನು ಒಪ್ಪಲಿಲ್ಲ. ಇಂತಹ ವರದಿಯಲ್ಲಿ ಶೇ. 23 ಎಂಬ ಅಂಕಿಯನ್ನು ಒಂಟಿಯಾಗಿ ಓದದೆ, ಪಕ್ಕದ ಶೇ. 12ನ್ನೂ ತುರಿಕೆಯ ಸಾಲನ್ನೂ ಸೇರಿಸಿಯೇ ಓದಬೇಕು.

ಅಳೆದದ್ದು ಏನೆಂದು ತಿಳಿದ ಮೇಲೆ, ಅದನ್ನೇ ಅಳೆಯುತ್ತೇವೆಂದು ಅವರು ಮೊದಲೇ ಹೇಳಿದ್ದರೇ ಎಂದು ಪರೀಕ್ಷಿಸಿ. ಪ್ರಯೋಗ ಆರಂಭವಾಗುವ ಮುನ್ನ ಅದನ್ನು ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸಬೇಕೆಂದು ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 2005ರಿಂದ ಕಡ್ಡಾಯ ಮಾಡಿದ್ದಾರೆ. ವರದಿಯಲ್ಲಿ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ಹುಡುಕಿದರೆ, ಪ್ರಧಾನ ಫಲಿತಾಂಶವೆಂದು ಮೊದಲು ಏನನ್ನು ಬರೆದಿದ್ದರು ಎಂಬುದು ಸಿಗುತ್ತದೆ. ಎರಡೂ ಬೇರೆಯಾಗಿದ್ದು, ಅದಕ್ಕೆ ವರದಿಯಲ್ಲಿ ವಿವರಣೆ ಇಲ್ಲದಿದ್ದರೆ, ಆ ತೀರ್ಮಾನದ ಮೇಲೆ ಭಾರ ಹಾಕಬೇಡಿ.

ಹೋಲಿಕೆಗೆ ಇನ್ನೊಂದು ಗುಂಪು ಇರಲೇಬೇಕು. ಜಠರದ ಸಂಶೋಧನೆಯಲ್ಲಿ ಈ ನಿಯಮಕ್ಕೆ ವಿನಾಯಿತಿ ಇಲ್ಲವೆಂದೇ ನನ್ನ ಅಭಿಪ್ರಾಯ. ಎಂಡೋಸ್ಕೋಪಿಯಲ್ಲಿ ಏನೂ ಕಾಣದಿದ್ದರೂ ಊಟದ ನಂತರ ಹೊಟ್ಟೆ ಭಾರ, ಉರಿ, ನೋವು ಅನುಭವಿಸುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಪ್ಲಸೀಬೊದಿಂದಲೇ ಆರಾಮವೆನಿಸುತ್ತದೆ, ಏಕೆಂದರೆ ಈ ತೊಂದರೆ ತಾನಾಗಿಯೇ ಏರಿಳಿಯುತ್ತದೆ, ಮತ್ತು ಚಿಕಿತ್ಸೆ ಸಿಗುತ್ತಿದೆ ಎಂಬ ನಂಬಿಕೆಯೂ ಕೆಲಸ ಮಾಡುತ್ತದೆ. ಹೀಗಿರುವಾಗ ಹೋಲಿಕೆಯ ಗುಂಪಿಲ್ಲದೆ ಅರ್ಧದಷ್ಟು ಜನ ಸುಧಾರಿಸಿದರು ಎಂದು ಹೇಳಿದರೆ ಔಷಧದ ಬಗ್ಗೆ ಏನೂ ತಿಳಿಯುವುದಿಲ್ಲ.

ಮುಂದಿನದು ಪ್ರಯೋಗಕ್ಕೆ ಸೇರಿದವರು ಯಾರು ಎಂಬ ಪ್ರಶ್ನೆ. ಸಾಮಾನ್ಯವಾಗಿ ಮೊದಲನೆಯ ಕೋಷ್ಟಕದಲ್ಲಿ ಇದಕ್ಕೆ ಉತ್ತರವಿರುತ್ತದೆ. ಹರಡಿದ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಫೋಲ್ಫಿರಿನಾಕ್ಸ್ ಎಂಬ ಸಂಯುಕ್ತ ಕೀಮೋಥೆರಪಿಯ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ 342 ಜನರಲ್ಲಿ ಹೊಸ ಚಿಕಿತ್ಸೆ ಪಡೆದವರ ಮಧ್ಯಮ ಬದುಕುಳಿವು, ಅಂದರೆ ಅರ್ಧದಷ್ಟು ಜನ ಬದುಕಿದ್ದ ಅವಧಿ, 11.1 ತಿಂಗಳು, ಹಳೆಯ ಜೆಮ್ಸಿಟಬಿನ್ ಪಡೆದವರದು 6.8 ತಿಂಗಳು. ಈ ಕಾಯಿಲೆಯಲ್ಲಿ ಅದು ನಿಜಕ್ಕೂ ದೊಡ್ಡ ಅಂತರ. ಆದರೆ ಆ ಪ್ರಯೋಗಕ್ಕೆ ಆಯ್ಕೆಯಾದವರು 75 ವರ್ಷ ದಾಟದವರು, ಓಡಾಡಿಕೊಂಡಿದ್ದವರು, ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಬಿಲಿರುಬಿನ್ ಎಂಬ ಹಳದಿ ವಸ್ತು ಸಹಜ ಮಿತಿಯ ಒಂದೂವರೆ ಪಟ್ಟನ್ನು ಮೀರದಿದ್ದವರು. ಕಾಮಾಲೆ ಏರಿ ಹಾಸಿಗೆ ಹಿಡಿದವರಿಗೆ ಅದೇ 11.1 ತಿಂಗಳ ಭರವಸೆ ಕೊಡಲಾಗದು. ಯಕೃತ್ತಿನ ಸಂಶೋಧನೆಯಲ್ಲಿ ಇದೇ ಕೆಲಸಕ್ಕೆ, ಸಿರೋಸಿಸ್ ಎಷ್ಟು ಗಂಭೀರವೆಂದು ‘ಎ’ಯಿಂದ ‘ಸಿ’ಯವರೆಗೆ ವಿಂಗಡಿಸುವ ಚೈಲ್ಡ್-ಪ್ಯೂ ವರ್ಗವನ್ನು ನೋಡಬೇಕು. ಅನೇಕ ಪ್ರಯೋಗಗಳು ಯಕೃತ್ತು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುವ ‘ಎ’ ವರ್ಗದವರನ್ನಷ್ಟೇ ಸೇರಿಸಿಕೊಳ್ಳುತ್ತವೆ. ‘ಸಿ’ ವರ್ಗದ ರೋಗಿಗೆ ಅವುಗಳ ಫಲಿತಾಂಶ ಅನ್ವಯಿಸುತ್ತದೆಯೇ ಎಂಬುದನ್ನು ಚಿಕಿತ್ಸೆ ನೀಡುವ ವೈದ್ಯರೇ ಹೇಳಬೇಕು.

ಅಂತರ ಎಷ್ಟು ದೊಡ್ಡದು ಎಂಬುದನ್ನು ತಿಂಗಳು ಅಥವಾ ಶೇಕಡಾವಾರು ಅಂಕಿಗೆ ಇಳಿಸಿ ನೋಡಿ. ಅದೇ ಕ್ಯಾನ್ಸರಿಗೆ ಜೆಮ್ಸಿಟಬಿನ್ ಜೊತೆ ಎರ್ಲೋಟಿನಿಬ್ ಸೇರಿಸಿದ 2007ರ ವರದಿಯಲ್ಲಿ ಬದುಕುಳಿವು 5.91 ತಿಂಗಳಿನಿಂದ 6.24 ತಿಂಗಳಿಗೆ ಏರಿತ್ತು. ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಈ ವ್ಯತ್ಯಾಸ ಗಣನೀಯವೆಂದು, ಅಂದರೆ ಬರೀ ಆಕಸ್ಮಿಕವಾಗಿರುವ ಸಾಧ್ಯತೆ ಕಡಿಮೆಯೆಂದು, ತೇರ್ಗಡೆಯಾಯಿತು, ಆದರೆ ರೋಗಿಯ ಪಾಲಿಗೆ ಅದು ಸುಮಾರು ಹತ್ತು ದಿನ. ಇದಕ್ಕೆ ವಿರುದ್ಧವಾಗಿ, ಪಿತ್ತನಾಳಕ್ಕೆ ಕೊಳವೆ ಇಳಿಸಿ ಮಾಡುವ ಇ.ಆರ್.ಸಿ.ಪಿ. ನಂತರ ಬರುವ ಮೇದೋಜೀರಕ ಗ್ರಂಥಿಯ ಉರಿಯೂತವನ್ನು, ಗುದದ್ವಾರದ ಮೂಲಕ ಕೊಡುವ ಇಂಡೋಮೆಥಾಸಿನ್ ಎಂಬ ಹಳೆಯ ಔಷಧವು ಅಪಾಯ ಹೆಚ್ಚಿರುವವರಲ್ಲಿ ಶೇ. 16.9ರಿಂದ ಶೇ. 9.2ಕ್ಕೆ ಇಳಿಸಿತು ಎಂದು 2012ರಲ್ಲಿ 602 ಜನರ ಪ್ರಯೋಗ ತೋರಿಸಿತು. ಸುಮಾರು 13 ಜನರಿಗೆ ಕೊಟ್ಟರೆ ಒಬ್ಬರು ಪಾರಾಗುತ್ತಾರೆ ಎಂದಾಯಿತು.

ಎಷ್ಟು ಕಾಲ ಗಮನಿಸಿದರು ಎಂಬುದೂ ಮುಖ್ಯ. ಮದ್ಯಪಾನದಿಂದ ಬಂದ ತೀವ್ರ ಯಕೃತ್ತಿನ ಉರಿಯೂತಕ್ಕೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಕೊಟ್ಟ ಬ್ರಿಟನ್ನಿನ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ಅದರಲ್ಲಿ 28 ದಿನಗಳ ಸಾವಿನ ಪ್ರಮಾಣ ಸ್ವಲ್ಪ ಇಳಿದಂತೆ ಕಂಡರೂ ಸಂಖ್ಯಾಶಾಸ್ತ್ರದ ಮಿತಿಯನ್ನು ತಲುಪಲಿಲ್ಲ, 90 ದಿನಗಳ ಹೊತ್ತಿಗೆ ಯಾವ ಲಾಭವೂ ಉಳಿಯಲಿಲ್ಲ, ಗಂಭೀರ ಸೋಂಕುಗಳು ಮಾತ್ರ ಸ್ಟೆರಾಯ್ಡ್ ಪಡೆದವರಲ್ಲಿ ಹೆಚ್ಚಿದ್ದವು.

ಇನ್ನು ವರದಿಯಲ್ಲಿ ಅತ್ಯಂತ ನಿಧಾನವಾಗಿ ಓದಬೇಕಾದದ್ದು ಹಾನಿಯ ಕೋಷ್ಟಕ. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳು ಸತ್ತ ಅಂಗಾಂಶಕ್ಕೆ ಸೋಂಕು ತರುತ್ತವೆ; ಆದ್ದರಿಂದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು, ಅಂದರೆ ಪ್ರೊಬಯಾಟಿಕ್‌ಗಳನ್ನು, ಕೊಟ್ಟರೆ ಸೋಂಕು ತಗ್ಗೀತು ಎಂಬ ತರ್ಕ ಯಾರಿಗಾದರೂ ಒಪ್ಪಿಗೆಯಾಗುವಂಥದ್ದು. ನೆದರ್‌ಲ್ಯಾಂಡ್ಸಿನಲ್ಲಿ ಇದನ್ನು ಪರೀಕ್ಷಿಸಿದ ವರದಿ 2008ರಲ್ಲಿ ಬಂತು. ಪ್ರಧಾನ ಫಲಿತಾಂಶವಾದ ಸೋಂಕಿನ ಪ್ರಮಾಣ ಪ್ರೊಬಯಾಟಿಕ್ ಗುಂಪಿನಲ್ಲಿ ಶೇ. 30, ಪ್ಲಸೀಬೊ ಗುಂಪಿನಲ್ಲಿ ಶೇ. 28. ಅಲ್ಲಿಗೇ ಓದುವುದನ್ನು ನಿಲ್ಲಿಸಿದವರಿಗೆ, ಲಾಭವೂ ಇಲ್ಲ ನಷ್ಟವೂ ಇಲ್ಲ ಎನಿಸುತ್ತದೆ. ಆದರೆ ಪ್ರೊಬಯಾಟಿಕ್ ಪಡೆದ 152 ಜನರಲ್ಲಿ 24 ಮಂದಿ ತೀರಿಕೊಂಡಿದ್ದರು; ಪ್ಲಸೀಬೊ ಪಡೆದ 144 ಜನರಲ್ಲಿ 9 ಮಂದಿ. ಮೊದಲ ಗುಂಪಿನ ಒಂಬತ್ತು ಜನರಿಗೆ ಕರುಳಿನ ರಕ್ತಸಂಚಾರ ಕಡಿದುಹೋಗಿತ್ತು, ಎರಡನೆಯದರಲ್ಲಿ ಒಬ್ಬರಿಗೂ ಇಲ್ಲ. ನಿರುಪದ್ರವಿ ಎಂದು ನಂಬಿದ್ದ ವಸ್ತುವಿನ ಕುರಿತ ಈ ಅಂಕಿಗಳು ಗಂಭೀರ ರೋಗಿಗಳ ಆರೈಕೆಯಲ್ಲಿ ಇರುವ ಪ್ರತಿಯೊಬ್ಬರಿಗೂ ತಿಳಿದಿರಬೇಕು.

ಯಕೃತ್ತಿನಲ್ಲಿ ಹಾನಿಯನ್ನು ಗುರುತಿಸುವುದು ಇನ್ನೂ ಕಷ್ಟ, ಏಕೆಂದರೆ ಔಷಧದ ಹಾನಿ ಮೂಲ ಕಾಯಿಲೆಯ ಉಲ್ಬಣದಂತೆಯೇ ಕಾಣುತ್ತದೆ. 1993ರಲ್ಲಿ ಹೆಪಟೈಟಿಸ್ ಬಿ ಇದ್ದ 15 ಜನರಿಗೆ ಫಿಯಾಲ್ಯುರಿಡಿನ್ ಎಂಬ ವೈರಾಣು ನಿರೋಧಕ ಔಷಧ ಕೊಟ್ಟ ಅಮೆರಿಕದ ಪ್ರಯೋಗದಲ್ಲಿ ಏಳು ಜನರ ಯಕೃತ್ತು ವಿಫಲವಾಗಿ, ಐವರು ಸತ್ತರು, ಇಬ್ಬರು ಯಕೃತ್ತಿನ ಕಸಿಯಿಂದ ಉಳಿದರು. ವಿಷದ ಪರಿಣಾಮ ತಡವಾಗಿ ಹೊರಬಿದ್ದಿತ್ತು. ಎ.ಎಲ್.ಟಿ. ಸಹಜ ಮಿತಿಯ ಮೂರು ಪಟ್ಟು, ಅದರ ಜೊತೆಗೇ ಬಿಲಿರುಬಿನ್ ಎರಡು ಪಟ್ಟು ಮೀರಿ, ಪಿತ್ತನಾಳದ ಅಡಚಣೆಯಂತಹ ಬೇರೆ ಕಾರಣ ಸಿಗದಿದ್ದರೆ ಅದನ್ನು ಅಪಾಯದ ಸೂಚನೆಯೆಂದು ಔಷಧ ಸಂಶೋಧಕರು ಎಣಿಸುತ್ತಾರೆ. ಅಂತಹ ರೋಗಿಗಳು ಎಷ್ಟಿದ್ದರು, ಪ್ರಯೋಗವನ್ನು ನಡುವೆ ಬಿಟ್ಟವರು ಎಷ್ಟು, ಬಿಟ್ಟದ್ದು ಏಕೆ ಎಂಬುದನ್ನು ವರದಿಯಲ್ಲಿ ಹುಡುಕಿ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ನಿಮ್ಮ ವೈದ್ಯರ ಬಳಿ ಹೋಗಿ. ಅವರು ಹೇಳುವವರೆಗೆ ಈಗಿನ ಔಷಧವನ್ನು ನಿಲ್ಲಿಸಬೇಡಿ, ಹೊಸದನ್ನು ಆರಂಭಿಸಬೇಡಿ. ನಿಮ್ಮನ್ನೇ ಪ್ರಯೋಗವೊಂದಕ್ಕೆ ಆಹ್ವಾನಿಸಿದ್ದರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅದನ್ನು ಮನೆಗೆ ತಂದು ಓದಲು ಸಮಯ ಕೇಳಿ. ಯಕೃತ್ತಿನಿಂದ ಎಷ್ಟು ಬಾರಿ ಚೂರು ತೆಗೆಯುತ್ತಾರೆ, ಎಂಡೋಸ್ಕೋಪಿ ಎಷ್ಟು ಸಲ, ಈಗಿನ ಯಾವ ಔಷಧ ನಿಲ್ಲಿಸಬೇಕಾಗುತ್ತದೆ, ಹಾನಿಯಾದರೆ ಚಿಕಿತ್ಸೆಯ ವೆಚ್ಚ ಯಾರದು, ರಾತ್ರಿ ಹೊತ್ತಿನಲ್ಲಿ ರಕ್ತವಾಂತಿಯಾದರೆ ಯಾರಿಗೆ ಕರೆ ಮಾಡಬೇಕು ಎಂದು ಕೇಳಿ, ಉತ್ತರಗಳನ್ನು ಬರೆಸಿಕೊಳ್ಳಿ. ಯಾವ ಹಂತದಲ್ಲಿ ಬೇಕಾದರೂ, ಕಾರಣ ಹೇಳದೆಯೂ ಹೊರಬರುವ ಹಕ್ಕು ನಿಮಗಿದೆ, ಮತ್ತು ಹಾಗೆ ಹೊರಬಂದವರಿಗೆ ಸಿಗಬೇಕಾದ ಎಂದಿನ ಚಿಕಿತ್ಸೆಯನ್ನು ಯಾರೂ ತಡೆಯುವಂತಿಲ್ಲ.