ಎಲ್‌ವಿಎನ್ ಆಗಿದ್ದವಳು ಆರ್‌ಎನ್ ಆದೆ: ನನ್ನ ಅನುಭವ

ಹೋದ ತಿಂಗಳು ಅಮೆರಿಕದಲ್ಲಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಬಂತು. ಅದಕ್ಕೆ ಮೊದಲು ಎಲ್‌ವಿಎನ್ ಆಗಿದ್ದೆ, ಅಂದರೆ ಆರ್‌ಎನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ನರ್ಸ್. "ಸೇನೆಯಿಂದ ಬಂದವರು ಮತ್ತೆ ಪುಸ್ತಕ ಹಿಡಿಯೋದಿಲ್ಲ" ಅಂದಿದ್ದ ಸಹೋದ್ಯೋಗಿಗೇ ಮೊದಲು ಫೋಟೋ ಕಳಿಸಿದೆ. ಸಣ್ಣತನ, ಗೊತ್ತು. ಆದರೂ ಕಳಿಸಿದೆ.

ನಾನು ಹಾಸನದ ಕಡೆಯವಳು. ಗ್ರೀನ್ ಕಾರ್ಡ್ ಬಂದ ಮೇಲೆ ಅಮೆರಿಕದ ಸೇನೆ ಸೇರಿ 68ಸಿ ಆದೆ, ಅಂದರೆ ಸೇನೆಯ ಎಲ್‌ವಿಎನ್ ಮಟ್ಟದ ನರ್ಸ್. ಟೆಕ್ಸಸ್‌ನ ಫೋರ್ಟ್ ಸ್ಯಾಮ್ ಹ್ಯೂಸ್ಟನ್ ಸೇನಾ ನೆಲೆಯಲ್ಲಿ ಶುರುವಾದ ತರಬೇತಿ ಮುಗಿಯಲು ಹೆಚ್ಚುಕಮ್ಮಿ ಒಂದು ವರ್ಷ ಹಿಡಿಯಿತು. ಒಟ್ಟು ನಾಲ್ಕು ವರ್ಷ ಯೂನಿಫಾರ್ಮ್ ಹಾಕಿದೆ. ಸೇನೆಯಲ್ಲೇ ಇದ್ದು ಆರ್‌ಎನ್ ಆಗಬಹುದಿತ್ತು. ಆದರೆ ಅಲ್ಲಿ ಆರ್‌ಎನ್ ಅಂದರೆ ಆಫೀಸರ್, ಬಿಎಸ್‌ಎನ್ (ನರ್ಸಿಂಗ್ ಪದವಿ) ಬೇಕೇ ಬೇಕು. ಓದಿಸಿದ್ದಕ್ಕೆ ಮತ್ತೆ ವರ್ಷಗಟ್ಟಲೆ ಸೇವೆ ಬೇರೆ. ಮಗು ಚಿಕ್ಕದಿತ್ತು, ಬೇಡ ಅಂದೆ. ಸೇನೆ ಬಿಟ್ಟು ಸ್ಯಾನ್ ಆಂಟೋನಿಯೋದ ಒಂದು ನರ್ಸಿಂಗ್ ಹೋಮ್‌ಗೆ ಎಲ್‌ವಿಎನ್ ಆಗಿ ಸೇರಿದೆ. ಗಂಟೆಗೆ 27-28 ಡಾಲರ್.

ಎಲ್‌ವಿಎನ್‌ಗಳನ್ನು ಆರ್‌ಎನ್ ಮಾಡುವ ಬ್ರಿಡ್ಜ್ ಕೋರ್ಸಿಗೆ ಕಮ್ಯುನಿಟಿ ಕಾಲೇಜಿಗೆ ಹೋದೆ. ಸೇನೆಯ ತರಬೇತಿಯ ದಾಖಲೆಪತ್ರ ಜೆಎಸ್‌ಟಿ ಕೊಟ್ಟರೆ ಅರ್ಧ ಕೋರ್ಸ್ ಬಿಟ್ಟುಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಕ್ರೆಡಿಟ್ ಕೊಟ್ಟಿದ್ದು ದೈಹಿಕ ಶಿಕ್ಷಣಕ್ಕೆ! ಅನಾಟಮಿ, ಮೈಕ್ರೋಬಯಾಲಜಿ ಎರಡನ್ನೂ ಮೊದಲಿಂದ ಓದಿದೆ. ಪ್ರವೇಶಕ್ಕೆ ಬೇಕಾದ ಹೆಸಿ ಪರೀಕ್ಷೆಯಲ್ಲೂ ಮೊದಲ ಸಲ ನಾಲ್ಕೈದು ಅಂಕ ಕಡಿಮೆ ಬಂತು.

ದುಡ್ಡಿನಲ್ಲಿ ಮಾಡಿಕೊಂಡ ತಪ್ಪು ಇನ್ನೂ ದೊಡ್ಡದು. ಸೇನೆಯಲ್ಲಿ ಇದ್ದವರನ್ನು ಓದಿಸುವ ಸರ್ಕಾರಿ ಯೋಜನೆ ಜಿಐ ಬಿಲ್ ಫೀಸ್ ಕಟ್ಟುತ್ತದೆ, ಬಾಡಿಗೆಗೂ ಕೊಡುತ್ತದೆ. ಮಗುವನ್ನು ನೋಡಿಕೊಳ್ಳಬಹುದಲ್ವಾ ಅಂತ ಮೊದಲ ಸೆಮಿಸ್ಟರ್ ಪೂರ್ತಿ ಆನ್‌ಲೈನ್ ತಗೊಂಡೆ. ತಿಂಗಳಿಗೆ ಎರಡು ಸಾವಿರದ ಹತ್ತಿರ ಬರಬೇಕಿದ್ದ ಬಾಡಿಗೆ ಹಣ ಸುಮಾರು ಸಾವಿರಕ್ಕೆ ಇಳಿಯಿತು. ಮುಂದಿನ ಸಲ ಒಂದೇ ಒಂದು ವಿಷಯಕ್ಕೆ ಕ್ಲಾಸಿಗೆ ಹೋದೆ, ಉಳಿದವು ಆನ್‌ಲೈನ್; ಪೂರ್ತಿ ಹಣ ಬಂತು. ರಜೆಯಲ್ಲಿ ಮಾತ್ರ ಏನೂ ಬರುವುದಿಲ್ಲ. ಡಿಸೆಂಬರ್ ತಿಂಗಳೆಲ್ಲ ಡಬಲ್ ಶಿಫ್ಟ್ ಮಾಡಿದೆ.

ಕೋರ್ಸ್ ಮುಗಿಸಿ ಬರೆದ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್-ಆರ್‌ಎನ್‌ನಲ್ಲಿ ಮೊದಲ ಸಲ ಫೇಲ್. ಫಲಿತಾಂಶ ಖಚಿತವಾದ ಕೂಡಲೇ ಕಂಪ್ಯೂಟರ್ ಪರೀಕ್ಷೆ ನಿಲ್ಲಿಸುತ್ತದೆ. ನನ್ನದು ಗರಿಷ್ಠ 150 ಪ್ರಶ್ನೆಯವರೆಗೂ ಎಳೆಯಿತು, ಕೊನೆಗೆ ಬೆರಳು ನಡುಗುತ್ತಿತ್ತು. ಓದಿದ್ದು ಕಡಿಮೆಯೇನಲ್ಲ, ಅಭ್ಯಾಸ ಕೈಕೊಟ್ಟಿತು. ವರ್ಷಗಟ್ಟಲೆ "ಆರ್‌ಎನ್‌ಗೆ ಹೇಳು" ಅಂತ ಕೆಲಸ ಮಾಡಿದವಳು ನಾನು. ಪರೀಕ್ಷೆಯಲ್ಲೂ ಕೈ ಅದೇ ಉತ್ತರಕ್ಕೆ ಹೋಗುತ್ತಿತ್ತು. ಅಲ್ಲಿ ಆರ್‌ಎನ್ ನಾನೇ ಅಲ್ವಾ!

ಮತ್ತೆ ಬರೆಯಲು 45 ದಿನ ಕಾಯಬೇಕು. ಪಾಠ ರೆಕಾರ್ಡ್ ಮಾಡಿ ರಾತ್ರಿ ಕೇಳುತ್ತಾ ಮಲಗಿ ನೋಡಿದೆ, ನಿದ್ದೆ ಕೆಟ್ಟಿದ್ದೇ ಲಾಭ. ಆಮೇಲೆ ದಿನಾ ಅಮ್ಮನಿಗೆ ಫೋನ್ ಮಾಡಿ ಒಂದೊಂದು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳತೊಡಗಿದೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಹೃದಯದ ಔಷಧಿ ಡಿಗಾಕ್ಸಿನ್ ಯಾಕೆ ವಿಷವಾಗುತ್ತದೆ ಅಂತ ಅವರಿಗೆ ಅರ್ಥವಾಗುವವರೆಗೂ ಬಿಡುತ್ತಿರಲಿಲ್ಲ. ಅಮ್ಮನದು ಪ್ರತಿ ಸಲ ಒಂದೇ ಮಾತು: "ಅದಿರಲಿ ಕಣೇ, ಮೊದಲು ಯಾರ ಹತ್ರ ಓಡ್ತೀಯ?" ಪರೀಕ್ಷೆ ಕೇಳುವುದೂ ಅದನ್ನೇ! ಆ ಮಾತಿನ ಮೇಲೆ ಒಂದು ಪುಟದ ಪಟ್ಟಿ ಮಾಡಿಕೊಂಡೆ. ಪಟ್ಟಿ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಇಬ್ಬರಿಗೆ ಟ್ಯೂಷನ್ ಹೇಳುತ್ತಿದ್ದೇನೆ.

ಎರಡನೇ ಸಲ 85ನೇ ಪ್ರಶ್ನೆಗೇ ಪರದೆ ನಿಂತಿತು, ಪಾಸ್! ಪರೀಕ್ಷೆಯ 200 ಡಾಲರನ್ನೂ ಜಿಐ ಬಿಲ್‌ನಿಂದ ವಾಪಸ್ ಪಡೆದೆ. ಈಗ ಸಂಬಳ ಗಂಟೆಗೆ 40 ಡಾಲರ್ ಮೇಲೆ. ಇನ್ನೂ ಹದಿಮೂರೋ ಹದಿನಾಲ್ಕೋ ತಿಂಗಳ ಜಿಐ ಬಿಲ್ ಉಳಿದಿದೆ, ಬಿಎಸ್‌ಎನ್‌ಗೆ ಅರ್ಜಿ ಹಾಕಿದ್ದೇನೆ. ಅಮ್ಮನಿಗೂ ಹೇಳಿಟ್ಟಿದ್ದೇನೆ, ಫೋನ್ ಚಾರ್ಜ್ ಮಾಡಿಟ್ಟುಕೊಳ್ಳಿ ಅಂತ.