ಮೂರನೇ ಸಲಕ್ಕೆ ವಾಲ್ಪಿ

"ಫೋಟೋ ತೆಗೆಯೋಕೂ ಬಿಡದ ಊರಿಗೆ 250 ಮೈಲಿ ಯಾಕ್ರೀ ಹೋಗ್ತೀರಾ?" ಅರಿಜೋನಾದ ಫೀನಿಕ್ಸ್‌ನ ನಮ್ಮ ಕನ್ನಡದ ಗೆಳೆಯರೆಲ್ಲ ಕೇಳಿದ್ದು ಇದೇ. ಎರಡು ಸಲ ಬರಿಗೈಲಿ ವಾಪಸ್ ಬಂದಾಗ ಹೆಂಡತಿಯೂ ಅವರ ಕಡೆ ಸೇರಿಬಿಟ್ಟಳು. ಮೂರನೇ ಸಲ ಇಲ್ಲಿನ ಮೂಲನಿವಾಸಿಗಳಾದ ಹೋಪಿಯವರ ಊರು ವಾಲ್ಪಿಯನ್ನು ಕಣ್ತುಂಬ ನೋಡಿ ಬಂದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗ್ರ್ಯಾಂಡ್ ಕ್ಯಾನಿಯನ್ ಎಲ್ಲ ಸುತ್ತಿರುವ ನಿಮಗೆ ದಾರಿ, ಪೆಟ್ರೋಲು, ನೀರಿನ ಕ್ಯಾನಿನ ವಿಷಯ ಹೇಳಬೇಕಿಲ್ಲ.

ಮೊದಲ ಸಲ ಕೆಡಿಸಿದ್ದು ನನ್ನ ಅತಿಬುದ್ಧಿ. ಬೇಸಿಗೆಯಲ್ಲಿ ಇನ್ನೊಂದು ಮೂಲನಿವಾಸಿ ಬುಡಕಟ್ಟಾದ ನವಾಹೋಗಳ ಸೀಮೆಯ ಗಡಿಯಾರ 1 ಗಂಟೆ ಮುಂದೆ. ಅದರ ನಟ್ಟನಡುವೆ ಇರುವ ಹೋಪಿ ಸೀಮೆಯಲ್ಲಿ ಮಾತ್ರ ನಮ್ಮ ಫೀನಿಕ್ಸ್ ಟೈಮೇ. ಇದು ಗೊತ್ತಿದ್ದೇ ತಪ್ಪಾಯಿತು! ಫೋನು 9 ತೋರಿಸಿದಾಗ, ಇದು ನವಾಹೋ ಟೈಮು, ನಿಜಕ್ಕೂ 8 ಅಂತ ಲೆಕ್ಕ ಹಾಕಿ, ನೀಲಿ ಮೆಕ್ಕೆಜೋಳದ ಪ್ಯಾನ್‌ಕೇಕ್ ತಿನ್ನುತ್ತಾ ಆರಾಮಾಗಿ ಕೂತೆ. ಫೋನು ಬದಲಾಗಿರಲೇ ಇಲ್ಲ. ಊರಿರುವ ಫಸ್ಟ್ ಮೇಸಾ (ಮೇಸಾ ಅಂದರೆ ನೆತ್ತಿ ಚಪ್ಪಟೆಯಾದ ಬೆಟ್ಟ) ಹತ್ತುವಷ್ಟರಲ್ಲಿ ವಾಲ್ಪಿಯ ಗೈಡ್ ಹೊರಟಾಗಿತ್ತು. ಗೈಡ್ ಇಲ್ಲದೆ ಆ ಊರೊಳಗೆ ಕಾಲಿಡುವಂತಿಲ್ಲ. ರೂಮು, ಪೆಟ್ರೋಲು ಸೇರಿ 200 ಡಾಲರ್ ಚಿಲ್ಲರೆ ಹೊಳೆಗೆ ಹಾಕಿದ ಹಾಗಾಯಿತು. ಈಗ ಕೀಲಿ ಕೊಡುವ ಹಳೇ ವಾಚು ಕಟ್ಟಿಕೊಂಡು ಹೋಗುತ್ತೇನೆ.

ಎರಡನೇ ಸಲ ಫೋನ್ ಮಾಡದೆ ಹೋದೆ. ಸೆಕೆಂಡ್ ಮೇಸಾದ ಹಳ್ಳಿಯ ಬಾಗಿಲಲ್ಲೇ ಬೋರ್ಡು: ಇವತ್ತು ಹೊರಗಿನವರಿಗೆ ಪ್ರವೇಶ ಇಲ್ಲ. ಒಳಗೆ ಅವರ ಆಚರಣೆ ನಡೀತಿತ್ತು. ನಮ್ಮೂರಲ್ಲಿ ಮಾರಿಹಬ್ಬಕ್ಕೆ ಸಾರು ಹಾಕಿದ ಮೇಲೆ ನೆಂಟರನ್ನೂ ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಬೇಜಾರಾಯಿತು, ಸಿಟ್ಟು ಬರಲಿಲ್ಲ.

ಗಾಡಿ ತಿರುಗಿಸುವಾಗ ಅಜ್ಜಿಯೊಬ್ಬರು ಮುಂದಿನ ಗಾಜಿನತ್ತ ಬೆರಳು ತೋರಿಸಿದರು. ಡ್ಯಾಶ್‌ಕ್ಯಾಮ್! ಫೋನನ್ನು ಚೀಲಕ್ಕೆ ಹಾಕಿ ನಾನೇನೋ ಸಭ್ಯಸ್ಥ ಅಂದುಕೊಂಡಿದ್ದೆ, ಇದು ತನ್ನ ಪಾಡಿಗೆ ರೆಕಾರ್ಡ್ ಮಾಡುತ್ತಲೇ ಇತ್ತು. ಅವರ ಎದುರೇ ಅಳಿಸಿದೆ. ಆ ಹಳ್ಳಿಗಳಲ್ಲಿ ಫೋಟೋ, ವಿಡಿಯೋ, ಆಡಿಯೋ ಯಾವುದೂ ಕೂಡದು, ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯುವುದೂ ಕೂಡದು. 1900ರ ಆಸುಪಾಸಿನಲ್ಲಿ ಹಾವು ಹಿಡಿದು ಕುಣಿಯುವ ಹೋಪಿಯವರ ಆಚರಣೆ ನೋಡಲು ಕ್ಯಾಮೆರಾ ಹೊತ್ತವರು ಮುಗಿಬಿದ್ದು ಅವರಿಗೆ ಸಾಕುಸಾಕಾಗಿತ್ತು.

ಮೂರನೇ ಸಲ ವಾಲ್ಪಿಯ ಗೈಡ್ ಕಡೆಯವರಿಗೆ ಹಿಂದಿನ ದಿನವೇ ಫೋನ್ ಮಾಡಿದೆ. ಯಾವ ಹೊತ್ತಿಗೆ ಮಾಡಿದರೆ ಎತ್ತುತ್ತಾರೆ ಅನ್ನೋದನ್ನು ನಾನೇ ಹತ್ತು ಸಲ ಸೋತು ಕಂಡುಕೊಂಡಿದ್ದು, ಹೇಳಲ್ಲ. ಗೈಡ್‌ಗೆ ತಲೆಗೆ 20 ಡಾಲರೋ 25ಓ ಕೊಟ್ಟ ನೆನಪು. ಫೋನು, ಡ್ಯಾಶ್‌ಕ್ಯಾಮ್ ಎರಡೂ ಡಿಕ್ಕಿಯಲ್ಲಿ.

ವಾಲ್ಪಿ ಅಂದರೆ ಬಂಡೆಯ ಕಡಿದಾದ ತುದಿಯಲ್ಲಿ ಕಲ್ಲಿನ ಮನೆಗಳ ಸಾಲು. ಎರಡೂ ಕಡೆ ಪ್ರಪಾತ. ಕರೆಂಟಿಲ್ಲ, ನಲ್ಲಿಯಿಲ್ಲ. ಜೊತೆಗಿದ್ದವರು ಕೀವಾದೊಳಗೆ (ಅವರ ಆಚರಣೆಯ ಕೋಣೆ) ಏನು ಮಾಡ್ತೀರಿ, ಕಚಿನ (ಅವರು ನಂಬುವ ಚೇತನಗಳು) ಅಂದರೆ ದೇವರಾ ಅಂತ ಒಂದೇ ಸಮ ಕೇಳಿದರು. ಗೈಡ್ ಹೆಂಗಸು ಮುಗುಳ್ನಕ್ಕು ಸುಮ್ಮನಾದರು. ನಾನು ಕೆಳಗಿನ ಮರಳು ಹೊಲ ತೋರಿಸಿ, "ಇಲ್ಲಿ ಮೆಕ್ಕೆಜೋಳದ ಬೀಜ ಎಷ್ಟು ಆಳಕ್ಕೆ ಹಾಕ್ತೀರಿ?" ಅಂದೆ. ಅಷ್ಟೇ. ಆಮೇಲೆ ಅವರ ಮಾತು ನಿಲ್ಲಲಿಲ್ಲ. ಕೋಲಿನಿಂದ ಸುಮಾರು ಒಂದು ಅಡಿ ತೋಡಿ, ತೇವ ಸಿಕ್ಕಲ್ಲಿ ಹತ್ತು ಹನ್ನೆರಡು ಕಾಳು ಹಾಕುತ್ತಾರಂತೆ. ಕುಣಿಯಿಂದ ಕುಣಿಗೆ ಮೂರು ನಾಲ್ಕು ಹೆಜ್ಜೆ ದೂರ. ನೀರು ಹಾಯಿಸುವುದಿಲ್ಲ. ವರ್ಷದ ಮಳೆ 10 ಇಂಚೂ ಇಲ್ಲ. ಬೆಳೆಯೋದು ಗಂಡಸರು, ಮನೆ ಸೇರಿದ ಮೇಲೆ ಜೋಳ ಹೆಂಗಸರದ್ದು. ಮನೆಯೂ ಅವರದ್ದೇ.

ದಾವಣಗೆರೆ ಕಡೆ ಮೆಕ್ಕೆಜೋಳ ಬೆಳೆಯುವ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಒಂದಡಿನಾ? ಕೊಳೆಯುತ್ತೆ ಕಣೋ, ಯಾರೋ ನಿನಗೆ ಕಿವಿಗೆ ಹೂ ಇಟ್ಟಿದ್ದಾರೆ" ಅಂದರು.

ಕಚಿನ ಬೊಂಬೆ ಕೊಳ್ಳುವಾಗ ಮರ್ಯಾದೆ ಹೋಯಿತು. ಕಾಟನ್‌ವುಡ್ ಮರದ ಬೇರಿನಲ್ಲಿ ಕೆತ್ತಿದ್ದು, 300 ಡಾಲರ್ ಅಂದರು. ನಾನು ಚಿಕ್ಕಪೇಟೆ ಅಭ್ಯಾಸದಲ್ಲಿ 150 ಅಂದೆ. ಕೆತ್ತಿದವರು ಮಾತೇ ಆಡದೆ ಬೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. ಕ್ಷಮೆ ಕೇಳಿದೆ, ಬೊಂಬೆ ಮಾತ್ರ ಹೊರಗೆ ಬರಲಿಲ್ಲ. ಬೇರೆ ಮನೆಯಲ್ಲಿ ಬೆಳ್ಳಿ ಉಂಗುರ ಹೇಳಿದ ಬೆಲೆಗೇ ತಗೊಂಡೆ, 180 ಇರಬೇಕು. ನಗದು ಜಾಸ್ತಿ ಇಟ್ಟುಕೊಳ್ಳಿ.

ಅಲ್ಲೇ ಹೋಪಿಯವರ ತೆಳು ರೊಟ್ಟಿ ಪೀಕಿ ಸಿಕ್ಕಿತು. ಯಾವ ಮನೆ ಅಂತ ಹೇಳಿದರೆ ಮುಂದಿನ ಸಲ ನನಗೇ ಸಿಗಲ್ಲ! ನೀಲಿ ಮೆಕ್ಕೆಜೋಳದ ಹಿಟ್ಟಿಗೆ ಬೂದಿ ನೀರು ಬೆರೆಸಿ, ಕಾದ ಕಲ್ಲಿನ ಮೇಲೆ ಬರಿಗೈಲಿ ಸವರಿ ತೆಗೆದ ಹಾಳೆ. ನೀರುದೋಸೆ ಇದರ ಮುಂದೆ ಕಂಬಳಿ. ಬಾಯಿಗಿಟ್ಟರೆ ಪುಡಿಪುಡಿ. ಸಸ್ಯಾಹಾರಿಗಳು ಒಂದು ಮಾತು ಕೇಳಿಕೊಳ್ಳಿ, ಕಲ್ಲಿಗೆ ಕೆಲವರು ಬೀಜದ ಎಣ್ಣೆ ಸವರುತ್ತಾರೆ, ಕೆಲವರು ಕುರಿಯ ಮಿದುಳು.

ಮನೆಗೆ ಬಂದು ಅಂಗಡಿಯ ನೀಲಿ ಹಿಟ್ಟಿನಲ್ಲಿ, ಅಮ್ಮನ ಕಬ್ಬಿಣದ ಕಾವಲಿ ಮೇಲೆ ಮಾಡಿ ನೋಡಿದೆ. ಮೂರು ಬೆರಳು ಸುಟ್ಟಿತು, ಹಾಳೆ ಏಳಲಿಲ್ಲ. ಹಿತ್ತಲಲ್ಲಿ ಒಂದಡಿ ತೋಡಿ ನರ್ಸರಿಯ ಮೆಕ್ಕೆಜೋಳವನ್ನೂ ಹಾಕಿದೆ. 20 ಕಾಳಲ್ಲಿ ಒಂದೂ ಮೊಳೆಯಲಿಲ್ಲ. ಅಷ್ಟು ಆಳದಿಂದ ಮೇಲೆ ಬರುವ ತಾಕತ್ತು ಹೋಪಿಯವರು ಉಳಿಸಿಕೊಂಡು ಬಂದ ತಳಿಗಿದೆ, ನರ್ಸರಿ ಬೀಜಕ್ಕೆಲ್ಲಿಂದ ಬರಬೇಕು? ಆ ಬೀಜ ಕೇಳುವ ಧೈರ್ಯ ನನಗಾಗಲಿಲ್ಲ. ಅಪ್ಪ ಮಾತ್ರ ತಾನು ಹೇಳಿದ್ದೇ ಸರಿ ಅಂತ ಊರೆಲ್ಲ ಹೇಳಿಕೊಂಡು ಓಡಾಡುತ್ತಿದ್ದಾರೆ.